ಅರ್ಬುದರೋಗಿಗಳ ನಿದ್ರಾನಾಶ

ಕ್ಯಾನ್ಸರ್ ಎಂದು ಜನರು ಹೇಳುವ ಅರ್ಬುದ ವ್ಯಾಧಿಗೆ ತುತ್ತಾದವರಲ್ಲಿ ನಿದ್ರೆ ಹತ್ತದಿರುವುದು, ಹತ್ತಿದ ನಿದ್ರೆ ನಡುರಾತ್ರಿಯಲ್ಲಿ ಕಡಿಯುವುದು, ಅಥವಾ ಕೋಳಿ ಕೂಗುವ ಮುನ್ನವೇ ಎಚ್ಚರವಾಗಿ ಮರಳಿ ರೆಪ್ಪೆ ಕೂಡದಿರುವುದು. ವಾರಕ್ಕೆ 3 ರಾತ್ರಿಗಳಿಗೆ ಕಡಮೆಯಿಲ್ಲದಂತೆ ಹೀಗಾಗುತ್ತ, ಅದರ ಬಳಲಿಕೆ ಹಗಲಿನ ಕೆಲಸಕ್ಕೂ ತಟ್ಟುತ್ತ 3 ತಿಂಗಳು ಮುಂದುವರಿದರೆ ಅದು ದೀರ್ಘಕಾಲಿಕ ನಿದ್ರಾನಾಶವೆನಿಸುತ್ತದೆ. ಇಂಥ ಕಾಯಿಲೆ ಬಂದ ಮೇಲೆ ನಿದ್ದೆ ಎಲ್ಲಿಂದ ಬಂದೀತೆಂದು ರೋಗಿಯೂ ಮನೆಮಂದಿಯೂ ಅದನ್ನು ಚಿಂತೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದರಿಂದ, ವೈದ್ಯರ ಕಿವಿಗೆ ಬೀಳದೆ ಉಳಿಯುವ ಉಪದ್ರವಗಳಲ್ಲಿ ಇದೂ ಒಂದು. ಚಿಂತೆ ಇದರ ಕಾರಣಗಳಲ್ಲಿ ಒಂದು ಮಾತ್ರ.

ಅಮೆರಿಕದಲ್ಲಿ ಕಿಮೋಥೆರಪಿ ಪಡೆಯುತ್ತಿದ್ದ 823 ಮಂದಿಯನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿ ಐವರಲ್ಲಿ ಸುಮಾರು ನಾಲ್ವರಿಗೆ ಯಾವುದಾದರೊಂದು ಬಗೆಯ ನಿದ್ರಾದೋಷವಿತ್ತು. ಸ್ತನದ ಅರ್ಬುದವುಳ್ಳವರಲ್ಲಿಯೂ 58 ವರ್ಷಕ್ಕಿಂತ ಕಿರಿಯರಲ್ಲಿಯೂ ಅದು ಅಧಿಕವಾಗಿತ್ತು. ಮುದುಕರಿಗೆ ನಿದ್ದೆ ಕಡಿಮೆಯೆಂಬ ಲೋಕರೂಢಿಗೆ ಇದು ವಿರುದ್ಧವಾದರೂ, ಸಾಕಬೇಕಾದ ಮಕ್ಕಳನ್ನೂ ತೀರಿಸಬೇಕಾದ ಸಾಲವನ್ನೂ ಮುಂದಿಟ್ಟುಕೊಂಡ ನಡುವಯಸ್ಕರನ್ನು ಕಂಡವರಿಗೆ ಆಶ್ಚರ್ಯವೆನಿಸದು. ಔಷಧಗಳೂ ನಿದ್ರೆ ಕೆಡಿಸುವುದುಂಟು. ಹಾರ್ಮೋನ್ ಚಿಕಿತ್ಸೆ ಸ್ತ್ರೀಯರನ್ನು ಮೈ ಕಾಯಿಸಿ ಬೆವರಿಸಿ ಎಬ್ಬಿಸುತ್ತದೆ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಸಂಜೆಯ ವೇಳೆ ಹೊಟ್ಟೆ ಸೇರಿದರೆ ಇಡೀ ರಾತ್ರಿ ಎಚ್ಚರವನ್ನೇ ಉಣಿಸುತ್ತದೆ.

ತುಮಕೂರು ಸೀಮೆಯಲ್ಲಿ ಬಾಯಿಯ ಅರ್ಬುದವನ್ನು ಪ್ರತ್ಯೇಕವಾಗಿ ಹೇಳತಕ್ಕದ್ದು. ಈ ಸೀಮೆಯ ಗುಬ್ಬಿಯ ಸುತ್ತ ಅಡಿಕೆ ತೋಟಗಳು ದಟ್ಟವಾಗಿವೆ. ಎಲೆಅಡಿಕೆಯೊಡನೆ ಕಡ್ಡಿಪುಡಿಯೆಂಬ ಹೊಗೆಸೊಪ್ಪನ್ನು ಅಗಿಯುವ ಅಭ್ಯಾಸವೂ ಹಳೆಯದು. ಹೊಗೆಸೊಪ್ಪಿನ ಸಂಪರ್ಕವಿಲ್ಲದೆಯೂ ಅಡಿಕೆ ಅರ್ಬುದಕಾರಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 2003ರಲ್ಲಿ ನಿರ್ಣಯಿಸಿತು. ತೋಟದ ಬೆಳೆಯ ಮೇಲೆ ಜೀವನ ನಡೆಸುವ ಊರುಗಳಲ್ಲಿ ಆ ನಿರ್ಣಯ ಅಷ್ಟೇನೂ ಪ್ರಿಯವಾದ ಮಾತಲ್ಲ. ಈ ಅರ್ಬುದದ ಚಿಕಿತ್ಸೆಯಲ್ಲಿ ವಿಕಿರಣ ತಗುಲಿದ ಬಾಯಲ್ಲಿ ಜೊಲ್ಲು ಬತ್ತುವುದರಿಂದ, ನಾಲಗೆ ಅಂಗುಳಕ್ಕೆ ಅಂಟಿ ರೋಗಿಯು ಗಂಟೆಗೊಮ್ಮೆ ನೀರಿಗಾಗಿ ಏಳುತ್ತಾನೆ.

ದೂರವೂ ಒಂದು ಕಾರಣವೇ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಅರ್ಬುದ ಆಸ್ಪತ್ರೆಗೆ ತುಮಕೂರಿನಿಂದಲೂ ಕುಣಿಗಲ್‌ನಿಂದಲೂ ಸುಮಾರು 70 ಕಿಲೋಮೀಟರ್. ಗುಬ್ಬಿಯವರಿಗೆ ಇನ್ನೂ 20 ಹೆಚ್ಚು. ವಿಕಿರಣ ಚಿಕಿತ್ಸೆ ವಾರಕ್ಕೆ 5 ದಿನದಂತೆ 6–7 ವಾರ ನಡೆಯುವುದುಂಟು. ಅಲ್ಲಿ ತಂಗಲು ಅನುಕೂಲವಿಲ್ಲದೆ ದಿನವೂ ಓಡಾಡುವವರು ಮೊದಲ ಬಸ್ಸಿಗಾಗಿ ಕತ್ತಲಲ್ಲೇ ಎದ್ದು, ಹಿಂದಿರುಗುವಾಗ ಕಿಟಕಿಗೆ ತಲೆಯಾನಿಸಿ ತೂಕಡಿಸಿ ಮನೆ ಸೇರುವ ಹೊತ್ತಿಗೆ ರಾತ್ರಿಯ ನಿದ್ರೆಯ ಪಾಲನ್ನು ಹಾದಿಯಲ್ಲಿಯೇ ಖರ್ಚು ಮಾಡಿರುತ್ತಾರೆ. ಕುಣಿಗಲ್‌ಗೆ ಈಗ ರೈಲು ಬಂದಿದೆ.

ಚಿಕಿತ್ಸೆಯಲ್ಲಿ ಮೊದಲು ನಿದ್ರೆ ಕೆಡಿಸುವ ನೋವಿನ ಶಮನ: ಗಂಟೆ ತಪ್ಪದೆ ಕೊಡುವ ಮಾರ್ಫಿನ್, ಸಹಿಸಲಾರದಾದ ಮೇಲೆ ಕೊಡುವುದಕ್ಕಿಂತ ಮೇಲು. ಡೆಕ್ಸಾಮೆಥಸೋನನ್ನು ವೈದ್ಯರ ಒಪ್ಪಿಗೆಯ ಮೇರೆಗೆ ಬೆಳಗಿನ ತಿಂಡಿಯೊಡನೆ ಮುಗಿಸತಕ್ಕದ್ದು. ನಿದ್ರೆಯ ಗುಳಿಗೆಗಳು ಅಲ್ಪಕಾಲಕ್ಕೆ ಮಾತ್ರ. ಮಾರ್ಫಿನ್ನಿನೊಡನೆ ಸೇರಿ ಅವು ಉಸಿರಾಟವನ್ನು ಕುಗ್ಗಿಸಬಲ್ಲವು. ಇವೆಲ್ಲಕ್ಕಿಂತ ದೀರ್ಘಕಾಲ ಫಲ ಕೊಡುವುದು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ: ನಿದ್ದೆ ಬಂದಾಗಲೇ ಹಾಸಿಗೆಗೆ ಹೋಗುವುದು, ಇಪ್ಪತ್ತು ನಿಮಿಷದಲ್ಲಿ ಬಾರದಿದ್ದರೆ ಹಾಸಿಗೆ ಬಿಟ್ಟು ಎದ್ದು ಕುಳಿತುಕೊಳ್ಳುವುದು, ರಾತ್ರಿ ಹೇಗೇ ಕಳೆದಿರಲಿ ಒಂದೇ ವೇಳೆಗೆ ಏಳುವುದು. ರೋಗಿಯು ಹಗಲೆಲ್ಲ ಮಲಗಿರಬೇಕೆಂಬ ಬಂಧುಗಳ ಕರುಣೆಗೆ ಇದು ಒಗ್ಗದು. ಮನೆಯವರನ್ನು ಒಪ್ಪಿಸುವುದೇ ಅರ್ಧ ಕೆಲಸ. ರೋಗಿಯ ಮಗ್ಗುಲಲ್ಲಿ ಚಾಪೆ ಹಾಸಿ ಮಲಗುವ ಹೆಂಡತಿಗೋ ಸೊಸೆಗೋ ಇದೇ ನಿದ್ರಾನಾಶ ಅಂಟಿಕೊಳ್ಳುವುದರಿಂದ, ರಾತ್ರಿಯ ಸರದಿಯನ್ನು ಇಬ್ಬರು ಹಂಚಿಕೊಳ್ಳತಕ್ಕದ್ದು.