ಗರ್ಭಾವಸ್ಥೆಯಲ್ಲಿ ಮದ್ಯಸೇವನೆಯ ಅಪಾಯಗಳು: ಗುರುಪುರ ಸೀಮೆಯ ಸಂದರ್ಭದಲ್ಲಿ ಒಂದು ವಿವೇಚನೆ

ಬಸುರಿ ಕುಡಿದ ಮದ್ಯ ಮಾಸನ್ನು ದಾಟಿ ಕೂಸಿನ ರಕ್ತ ಸೇರುತ್ತದೆ. ಒಂದೆರಡು ಗಂಟೆಯೊಳಗೆ ತಾಯಿಯ ರಕ್ತದಲ್ಲಿ ಇರುವಷ್ಟೇ ಮದ್ಯಸಾರ ಹೆಚ್ಚುಕಡಿಮೆ ಕೂಸಿನ ರಕ್ತದಲ್ಲೂ ಇರುತ್ತದೆ. ಅದನ್ನು ಅರಗಿಸುವ ಕಿಣ್ವಗಳು ಭ್ರೂಣದ ಯಕೃತ್ತಿನಲ್ಲಿ ಇನ್ನೂ ಸಾಕಷ್ಟು ಬೆಳೆದಿರುವುದಿಲ್ಲ. ಕೂಸಿನ ಮೂತ್ರದಲ್ಲಿ ಹೊರಬಿದ್ದ ಮದ್ಯಸಾರ ಗರ್ಭಜಲದಲ್ಲಿ ಉಳಿಯುತ್ತದೆ, ಕೂಸು ಆ ನೀರನ್ನೇ ಮತ್ತೆ ನುಂಗುತ್ತದೆ. ತಾಯಿಯ ಅಮಲು ಇಳಿದ ಮೇಲೂ ಹಾನಿ ಮುಂದುವರಿಯುವುದು ಹೀಗೆ.

ಗರ್ಭ ಕಟ್ಟಿದ ಮೂರನೆಯ ವಾರದಲ್ಲೇ ಮುಖ ಮತ್ತು ಮಿದುಳಿನ ಮೊದಲ ರೂಪರೇಖೆ ಮೂಡತೊಡಗುತ್ತದೆ. ಆಗ ಮುಟ್ಟು ತಪ್ಪಿ ಬಹಳವೆಂದರೆ ಒಂದು ವಾರ ಆಗಿರುತ್ತದೆ. ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ಗೊತ್ತೇ ಇರುವುದಿಲ್ಲ. ಈ ಅವಧಿಯ ಸೇವನೆಯಿಂದಲೂ ಮುಖಲಕ್ಷಣಗಳು ಕೆಡಬಹುದು. ಮಿದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುವ ಅಂಗವಾದ್ದರಿಂದ ಅದಕ್ಕೆ ಯಾವ ತಿಂಗಳೂ ಸುರಕ್ಷಿತವಲ್ಲ. ಗರ್ಭಪಾತ, ಅಕಾಲಿಕ ಹೆರಿಗೆ, ಹೊಟ್ಟೆಯಲ್ಲೇ ಕೂಸು ತೀರಿಕೊಳ್ಳುವುದು, ಕಡಿಮೆ ತೂಕ ಇವೂ ಮದ್ಯದಿಂದ ಹೆಚ್ಚುತ್ತವೆ.

ಫ್ರಾನ್ಸಿನ ನಾಂಟ್ ನಗರದಲ್ಲಿ ಪಾಲ್ ಲೆಮ್ವಾನ್ ಮತ್ತು ಸಂಗಡಿಗರು 1968ರಲ್ಲಿ ಕುಡಿತದ ಹಿನ್ನೆಲೆಯ ತಂದೆತಾಯಿಯರ 127 ಮಕ್ಕಳ ವಿವರ ಪ್ರಕಟಿಸಿದರು. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇಂಥ ಮಕ್ಕಳಲ್ಲಿ ಕಾಣುವ ದೋಷಗಳ ಗುಂಪಿಗೆ ಭ್ರೂಣ ಮದ್ಯ ಸಿಂಡ್ರೋಮ್ ಎಂಬ ಹೆಸರು ಕೊಟ್ಟರು. ಸಣ್ಣ ಕಣ್ಣುಸೀಳು, ತೆಳುವಾದ ಮೇಲ್ದುಟಿ, ಮೂಗಿನಡಿಯಿಂದ ತುಟಿಗೆ ಇಳಿಯುವ ತೋಡು ಸಮತಟ್ಟಾಗಿರುವುದು, ಕುಂಠಿತ ಬೆಳವಣಿಗೆ, ಮಿದುಳಿನ ದೋಷ ಇದರ ಗುರುತುಗಳು. ಮುಖದಲ್ಲಿ ಏನೂ ಕಾಣದೆ ಕಲಿಕೆ, ನೆನಪು, ಲೆಕ್ಕ, ಸಿಟ್ಟಿನ ಹತೋಟಿಗಳಲ್ಲಿ ಮಾತ್ರ ತೊಡಕಿರುವ ಮಕ್ಕಳೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನ ರಾಘವೇಂದ್ರ ನಾಯಕ್ ಮತ್ತು ಪ್ರತಿಮಾ ಮೂರ್ತಿ 2008ರಲ್ಲಿ ಈ ವಿಷಯವನ್ನು ಭಾರತದ ಮಕ್ಕಳ ತಜ್ಞರ ಪತ್ರಿಕೆಯಲ್ಲಿ ಮಂಡಿಸಿದರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಮಹಿಳೆಯರಲ್ಲಿ ಕುಡಿಯುವವರು ಶೇ. 1.3. ಈ ಸರಾಸರಿ ಎಲ್ಲ ಕಡೆಗೂ ಹೊಂದುವುದಿಲ್ಲ. ಪರಿಶಿಷ್ಟ ಪಂಗಡಗಳ ಮಹಿಳೆಯರಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚು. ಗುರುಪುರದ ಸುತ್ತಲಿನ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಕಾಡುಕುರುಬರು, ಯರವರು ಇದ್ದಾರೆ. ಕಾಡಿನಿಂದ ಹೊರಬಿದ್ದ ಕುಟುಂಬಗಳಿಗೆ ಹೊಗೆಸೊಪ್ಪಿನ ಹೊಲ, ಕೊಡಗಿನ ತೋಟಗಳ ಕೂಲಿಯೇ ಜೀವನ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಬಡವರ ಕೈಗೆ ಬಂದದ್ದು ಅಗ್ಗದ ವಿಸ್ಕಿ, ಬ್ರಾಂದಿಯ ಟೆಟ್ರಾ ಪ್ಯಾಕ್. ಶೇ. 42.8 ಮದ್ಯಸಾರವಿರುವ ಒಂದು ‘ನೈಂಟಿ’, ಅಂದರೆ 90 ಮಿ.ಲೀ. ಪ್ಯಾಕಿನಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಅದು ಹತ್ತು ಗ್ರಾಂ ಮದ್ಯಸಾರದ ಮೂರು ಪ್ರಮಾಣಿತ ಅಳತೆಗಳಿಗೆ ಸಮ. ಬಟವಾಡೆಯ ದಿನ ಒಂದೇ ಸಲಕ್ಕೆ ಖಾಲಿಯಾಗುವ ಪ್ಯಾಕು ರಕ್ತದಲ್ಲಿ ಮದ್ಯದ ಮಟ್ಟವನ್ನು ಏಕಾಏಕಿ ಏರಿಸುತ್ತದೆ, ಭ್ರೂಣಕ್ಕೆ ಅತಿ ಹೆಚ್ಚು ಪೆಟ್ಟು ಕೊಡುವುದು ಈ ಏರಿಕೆಯೇ. ಮೈತೂಕ ಕಡಿಮೆಯಿರುವ, ಹಸಿದ ಹೊಟ್ಟೆಯ ಹೆಂಗಸಿನಲ್ಲಿ ಮಟ್ಟ ಇನ್ನೂ ಮೇಲೇರುತ್ತದೆ. ಕಬ್ಬಿಣದ ಕೊರತೆಯಿದ್ದಾಗ ಹಾನಿ ತೀವ್ರವಾಗುವುದನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಗುರುಪುರದ ಟಿಬೆಟನ್ ನೆಲೆ 1972ರಲ್ಲಿ ಆರಂಭವಾದದ್ದು. ಬಾರ್ಲಿಯಿಂದ ಮಾಡುವ ಛಾಂಗ್ ಟಿಬೆಟನ್ನರ ಹಬ್ಬಹರಿದಿನಗಳ ಪಾನೀಯ. ಕಸುವು ಬರಲೆಂದು ಬಾಣಂತಿಗೂ ಅದನ್ನು ಕೊಡುವ ರೂಢಿ ಅವರ ಪರಂಪರೆಯಲ್ಲಿದೆ. ಕೊಡಗಿನ ಕೆಲವು ಮನೆಗಳಲ್ಲಿ ಬಾಣಂತಿಗೆ ಶೀತವಾಗದಿರಲೆಂದು ಕೊಡುವ ಬ್ರಾಂದಿಯ ಹಿಂದೆಯೂ ಇಂಥದೇ ಕಾಳಜಿ ಇದೆ. ಆದರೆ ಎದೆಹಾಲಿನಲ್ಲಿ ಮದ್ಯಸಾರ ರಕ್ತದಲ್ಲಿ ಇರುವಷ್ಟೇ ಇರುತ್ತದೆ, ಹಾಲಿಳಿಯುವುದೂ ಕಡಿಮೆಯಾಗುತ್ತದೆ. ಗರ್ಭದ ಮಟ್ಟಿಗೆ ಛಾಂಗ್‌ಗೂ ಟೆಟ್ರಾ ಪ್ಯಾಕಿಗೂ ಇರುವ ವ್ಯತ್ಯಾಸ ಪ್ರಮಾಣದ್ದು ಮಾತ್ರ.

ಈ ಸೀಮೆಯಲ್ಲಿ ರೋಗನಿರ್ಣಯ ನಿಜಕ್ಕೂ ಕಷ್ಟ. ಕಡಿಮೆ ತೂಕದ ಕೂಸಿಗೆ ತಾಯಿಯ ರಕ್ತಹೀನತೆ, ಎಲೆಯಡಿಕೆ ಜೊತೆಗಿನ ಹೊಗೆಸೊಪ್ಪು, ಹಾಡಿಗಳಲ್ಲಿ ಕಂಡುಬರುವ ಕುಡುಗೋಲು ಕಣ ರೋಗ ಯಾವುದೂ ಕಾರಣವಾಗಬಹುದು. ಮುಖದ ಅಳತೆಯೂ ನೆಚ್ಚುವಂತಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ತುಟಿ–ತೋಡಿನ ಚಿತ್ರಮಾಪಕ ಮೂಲತಃ ಬಿಳಿಯರ ಮತ್ತು ಆಫ್ರಿಕನ್ ಅಮೆರಿಕನ್ನರ ಮುಖಗಳಿಗೆ ಸಿದ್ಧಪಡಿಸಿದ್ದು. ಟಿಬೆಟನ್ ಮಗುವಿನ ಸಹಜ ಕಣ್ಣಂಚಿನ ಮಡಿಕೆಯನ್ನು ದೋಷವೆಂದು ಓದುವುದೂ, ಜೇನುಕುರುಬ ಮಗುವಿನ ನಿಜವಾದ ದೋಷವನ್ನು ಅಪೌಷ್ಟಿಕತೆಯೆಂದು ಬಿಟ್ಟುಬಿಡುವುದೂ ಸಾಧ್ಯ. ಇಲ್ಲಿಯ ಸಮುದಾಯಗಳಿಗೇ ಹೊಂದುವ ಮಾನದಂಡ ಬೇಕು. ಅಲ್ಲಿಯವರೆಗೆ ತಾಯಿಯ ಬಾಯಿಂದ ತಿಳಿದುಬರುವ ಸೇವನೆಯ ವಿವರವೇ ಎಲ್ಲಕ್ಕಿಂತ ಮುಖ್ಯ ಆಧಾರ.

ಆ ವಿವರ ಸಿಗುವುದು ಕೇಳಿದರೆ ಮಾತ್ರ. ಪ್ರತಿ ಬಸುರಿಯನ್ನೂ ಆದಷ್ಟು ಬೇಗ, ಪ್ರತಿ ತಪಾಸಣೆಯಲ್ಲೂ ಮದ್ಯದ ಬಗ್ಗೆ ವಿಚಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿದೆ. ಬಸುರಿಯನ್ನು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸುವ ದಿನ ಆಶಾ ಕಾರ್ಯಕರ್ತೆಗೆ ಇದಕ್ಕೆ ಅವಕಾಶವಿದೆ. ಗಂಡ, ಅತ್ತೆ ಎದುರಿಗಿಲ್ಲದಾಗ, ಆಪಾದನೆಯ ದನಿಯಿಲ್ಲದೆ, ಹಾಡಿಯವರನ್ನಷ್ಟೇ ಅಲ್ಲದೆ ಎಲ್ಲ ಜಾತಿ ಸಮುದಾಯದವರನ್ನೂ ಒಂದೇ ರೀತಿ ಕೇಳಬೇಕು. ಆದರೂ ಕಾರ್ಡ್ ಆಗುವ ಹೊತ್ತಿಗೆ ಮುಖ ರೂಪುಗೊಳ್ಳತೊಡಗುವ ವಾರ ಮುಗಿದಿರುತ್ತದೆ. ಆದ್ದರಿಂದ ಮದುವೆಯಾದ ಹೊಸತರಲ್ಲೇ, ಮಗು ಬಯಸುವಾಗಲೇ ಈ ಮಾತು ಬರಬೇಕು. ನಿತ್ಯ ಕುಡಿಯುವ ಬಸುರಿ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅವಳನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು, ವೈದ್ಯರ ನಿಗಾದಲ್ಲಿ ಬಿಡಿಸಬೇಕು. ಹಾನಿ ಆಗಿಹೋದ ಮಗುವಿಗೆ ಅದನ್ನು ಇಲ್ಲವಾಗಿಸುವ ಔಷಧಿಯಿಲ್ಲ. ಆದರೆ ಅಂಗನವಾಡಿಯ ವಯಸ್ಸಿನಲ್ಲೇ ಗುರುತಿಸಿ, ಮಾತು ಮತ್ತು ಕಲಿಕೆಯ ತರಬೇತಿ ಕೊಟ್ಟು, ಒಂದೊಂದೇ ಸೂಚನೆಯನ್ನು ಮತ್ತೆ ಮತ್ತೆ ಹೇಳಿ ನಡೆಸಿದರೆ ಅಂಥ ಮಕ್ಕಳು ಶಾಲೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚುತ್ತದೆ.