ಮನೆ ಕೀಲಿ ಯಾರ ಹತ್ರ? ವಯಸ್ಸಿನ ಅಂತರದ ಪ್ರೇಮ, ಮಾಂಗಾ ಮತ್ತು ಮಾರಿಕುಪ್ಪಂ ಹಳಿ

ಇದನ್ನ ನೀವು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ರೈಲಿನಲ್ಲಿ ಕೂತು ಕೇಳ್ತಾ ಇದ್ದರೆ, ನಿಮ್ಮ ಕಾಲಡಿಯ ಹಳಿಯಿಂದಲೇ ಕಥೆ ಶುರು ಮಾಡೋಣ. ಬಂಗಾರಪೇಟೆಯಿಂದ ಚಿನ್ನದ ಗಣಿಗಳ ಕಡೆಗೆ ಆ ಕವಲು ಹಳಿ ಬಂದದ್ದು 1894ರಲ್ಲಿ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಸಾಹೇಬರ ಹೆಸರು ಅದು.

ಅದೇ 1894ರಲ್ಲಿ ಮೈಸೂರು ಸಂಸ್ಥಾನ ಇನ್ನೊಂದು ಕೆಲಸ ಮಾಡಿತು. ಬಾಲ್ಯವಿವಾಹ ತಡೆಯೋಕೆ ಒಂದು ಕಾಯ್ದೆ ತಂತು. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡೋದು ಅಪರಾಧ. ಜೊತೆಗೆ ಇನ್ನೊಂದು ಸಾಲು: 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನ ಮದುವೆಯಾಗೋದೂ ಅಪರಾಧ. ಈ ಎರಡನೇ ಸಾಲನ್ನ ನಿಧಾನವಾಗಿ ಓದಬೇಕು. ಯಾರೂ ಮಾಡದ ಕೆಲಸಕ್ಕೆ ಸರ್ಕಾರ ಕಾಯ್ದೆ ಬರೆಯಲ್ಲ. ಅದಕ್ಕೂ ಏಳು ವರ್ಷ ಮುಂಚೆ, 1887ರಲ್ಲೇ, ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಅಂತ ನಾಟಕ ಬರೆದು, ದುಡ್ಡಿಗೆ ಹೆಣ್ಣು ಕೊಡೋರನ್ನ ಗೇಲಿ ಮಾಡಿದ್ದರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕಗಳಲ್ಲಿ ಒಂದು ಅದು. ಅಂದರೆ ನಮ್ಮಲ್ಲಿ ಗಂಡು ಹೆಣ್ಣಿನ ವಯಸ್ಸಿನ ಅಂತರ ಅನ್ನೋದು ಸಾರ್ವಜನಿಕ ಚರ್ಚೆಗೆ ಬಂದದ್ದೇ ಒಂದು ರೋಗವಾಗಿ. ಅಲ್ಲಿ ಪ್ರೇಮದ ಮಾತೇ ಇರಲಿಲ್ಲ. ಹುಡುಗಿಯನ್ನ ಯಾರೂ ಕೇಳಿರಲಿಲ್ಲ.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ? ಇವತ್ತಿನ ವಿಷಯ ಮಾಂಗಾ. ಫೋನಿನಲ್ಲಿ ಬೆರಳಾಡಿಸ್ತಾ ಓದ್ತೀವಲ್ಲ, ಆ ಜಪಾನಿ ಕಾಮಿಕ್ಸ್. ಅದರಲ್ಲೂ ದೊಡ್ಡ ಹೆಂಗಸರಿಗಾಗಿಯೇ ಬರೆಯೋ 'ಜೋಸೇಯ್' ಅನ್ನೋ ಬಗೆ. ಅಲ್ಲಿ ಹತ್ತು, ಹದಿನೈದು ವರ್ಷ ಅಂತರದ ಪ್ರೇಮಕಥೆಗೆ ಓದುಗರು ಬಹಳ. ನಮ್ಮ ಅಜ್ಜಿಯರನ್ನ ಹೆದರಿಸಿದ ವಿಷಯವನ್ನ ಮೊಮ್ಮಕ್ಕಳು ಇಷ್ಟಪಟ್ಟು ಓದ್ತಾರೆ ಅಂದರೆ, ನಡುವೆ ಏನೋ ಬದಲಾಗಿರಬೇಕು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇಬ್ಬರೂ ವಯಸ್ಕರಾಗಿರುವ ಕಥೆಗಳಷ್ಟೇ ಇಲ್ಲಿ ಲೆಕ್ಕಕ್ಕೆ. ಮೇಷ್ಟ್ರು ಮತ್ತು ಶಾಲಾ ಹುಡುಗಿಯ ಕಥೆಗಳೂ ಜಪಾನಿನಲ್ಲಿ ಇವೆ. ಅದನ್ನ ಪ್ರೇಮ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ.

ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟು ಬಂತಲ್ಲ, 1902ರಲ್ಲಿ, ಅದೇ ವರ್ಷ ಟೋಕಿಯೋದಲ್ಲಿ 'ಶೋಜೋ ಕಾಯ್' ಅನ್ನೋ ಹುಡುಗಿಯರ ಪತ್ರಿಕೆ ಹೊರಟಿತು. ಆ ದಾರಿಯಲ್ಲೇ ಮುಂದೆ ಹುಡುಗಿಯರ ಮಾಂಗಾ ಬೆಳೆಯಿತು. 1970ರ ದಶಕದಲ್ಲಿ ಮೋತೋ ಹಾಗಿಯೋ, ಕೇಯ್ಕೋ ತಾಕೆಮಿಯಾ ಥರದ ಹೆಣ್ಣುಮಕ್ಕಳೇ ಪೆನ್ನು ಹಿಡಿದು ಅದರ ದಿಕ್ಕು ಬದಲಿಸಿದರು. ಆದರೆ ಓದುಗರು ಬೆಳೆದು ಕೆಲಸಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ಅವರಿಗೆ ಶಾಲಾ ಸಮವಸ್ತ್ರದ ಕಥೆ ಸಾಕಾಯಿತು. 1980ರಲ್ಲಿ ಕೋಡಾನ್‌ಶಾ ಸಂಸ್ಥೆ 'ಬೀ ಲವ್' ಪತ್ರಿಕೆ ತಂದಿತು, 1992ರಲ್ಲಿ 'ಕಿಸ್'. ಈ ಎರಡರ ಮಧ್ಯೆ, 1986ರಲ್ಲಿ, ಉದ್ಯೋಗದಲ್ಲಿ ಹೆಣ್ಣಿಗೂ ಸಮಾನ ಅವಕಾಶ ಕೊಡಬೇಕು ಅನ್ನೋ ಕಾನೂನು ಜಪಾನಿನಲ್ಲಿ ಜಾರಿಗೆ ಬಂತು. ಕಾನೂನು ಬಂದ ಕೂಡಲೇ ಆಫೀಸುಗಳೇನೂ ಬದಲಾಗಲಿಲ್ಲ ಬಿಡಿ. ಆದರೂ ಸ್ವಂತ ಸಂಬಳ, ಸ್ವಂತ ಬಾಡಿಗೆ ಮನೆ ಇರುವ ನಾಯಕಿ ಕಾಮಿಕ್ಸ್‌ನ ಮಾಮೂಲಿ ಮುಖವಾದಳು.

ಆಗಿನ ಜಪಾನಿನಲ್ಲಿ 'ಮೂರು ಎತ್ತರ' ಅಂತ ಒಂದು ಮಾತಿತ್ತು. ಗಂಡ ಆಗೋನು ಎತ್ತರ ಇರಬೇಕು, ದೊಡ್ಡ ಓದು ಓದಿರಬೇಕು, ದೊಡ್ಡ ಸಂಬಳ ತರಬೇಕು. ನಮ್ಮ ಮ್ಯಾಟ್ರಿಮೊನಿ ಆಪ್‌ನ ಫಿಲ್ಟರ್ ಇದ್ದ ಹಾಗೇ. ಈ ಮಾತನ್ನ ತಲೆಕೆಳಗು ಮಾಡಿದ್ದು ಯಾಯೋಯ್ ಒಗಾವಾ ಬರೆದ 'ಕಿಮಿ ವಾ ಪೆತ್ತೋ', 'ಕಿಸ್' ಪತ್ರಿಕೆಯಲ್ಲಿ 2000ದಿಂದ 2005ರವರೆಗೆ. ನಾಯಕಿ ಸುಮಿರೆ ಪತ್ರಿಕೆಯಲ್ಲಿ ಕೆಲಸ ಮಾಡೋಳು, ಮೂವತ್ತರ ಹತ್ತಿರ. ಎತ್ತರ, ಓದು, ಸಂಬಳ ಮೂರೂ ಅವಳದ್ದೇ. ಅದಕ್ಕೇ ಅವಳ ಹುಡುಗ ಕೈ ಬಿಡ್ತಾನೆ. ಒಂದು ದಿನ ಮನೆ ಮುಂದೆ ರಟ್ಟಿನ ಪೆಟ್ಟಿಗೆಯಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಡ್ಯಾನ್ಸರ್ ಸಿಗ್ತಾನೆ. ಅವನನ್ನ ಒಳಗೆ ಇಟ್ಕೊಳ್ತಾಳೆ. ಷರತ್ತು: ಅವನು ಅವಳ ಸಾಕುಪ್ರಾಣಿ, ಹೆಸರು ಮೊಮೊ. ಕೇಳೋಕೆ ವಿಚಿತ್ರ, ಸ್ವಲ್ಪ ಮುಜುಗರ ಕೂಡ. ಆದರೆ ಮೊಮೊ ಮುಂದೆ ಮಾತ್ರ ಅವಳು ಅಳಬಲ್ಲಳು. ಅವಳ ಆಸೆಯಂತೆಯೇ ಇರೋ ಒಬ್ಬ 'ಮೂರು ಎತ್ತರ'ದ ಗಂಡೂ ಕಥೆಯಲ್ಲಿ ಬರ್ತಾನೆ. ಕೊನೆಗೆ ಅವಳು ಆರಿಸ್ಕೊಳ್ಳೋದು ಚಿಕ್ಕವನನ್ನ.

ಇದನ್ನ ನಮ್ಮ 'ಎಡಕಲ್ಲು ಗುಡ್ಡದ ಮೇಲೆ' ಪಕ್ಕ ಇಟ್ಟು ನೋಡಿ. ಭಾರತೀಸುತರ ಕಾದಂಬರಿ, 1973ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ. ಮದುವೆಯಾದ ಮಾಧವಿ ತನಗಿಂತ ಚಿಕ್ಕ ಹುಡುಗನ ಕಡೆ ಸೆಳೆತಕ್ಕೆ ಬೀಳ್ತಾಳೆ. ಜಯಂತಿ ಆ ಪಾತ್ರವನ್ನ ಎಷ್ಟು ಧೈರ್ಯವಾಗಿ ಮಾಡಿದ್ದಾರೆ ಅಂದರೆ ಇವತ್ತಿಗೂ ನೋಡುವಾಗ ಎದೆ ಬಿಗಿಯುತ್ತೆ. ಆದರೆ ಬೆಲೆ ತೆರೋಳು ಅವಳೇ. ನಮ್ಮ ಕಥೆ ಅವಳ ಆಸೆಯನ್ನ ಒಪ್ಪಿಕೊಂಡಿತು, ಅವಳಿಗೆ ಬಾಳೋಕೆ ಜಾಗ ಕೊಡಲಿಲ್ಲ. ಸುಮಿರೆಗೆ ಜಾಗ ಇತ್ತು. ಬಾಡಿಗೆ ಅವಳೇ ಕಟ್ಟುತ್ತಿದ್ದಳು.

ದೊಡ್ಡವನು ಗಂಡಸಾದಾಗಲೂ ಲೆಕ್ಕ ಇದೇ. ಸತೋರು ಹಿಉರಾ ಬರೆದ 'ಹೊತಾರು ನೋ ಹಿಕಾರಿ'ಯಲ್ಲಿ ನಾಯಕಿ ಆಫೀಸಿನಲ್ಲಿ ಚುರುಕು, ಮನೆಗೆ ಬಂದರೆ ಹಳೇ ಬಟ್ಟೆ ಹಾಕ್ಕೊಂಡು ಬಿಯರ್ ಹಿಡಿದು ಬಿದ್ದುಕೊಳ್ಳೋಳು. ಈ ಥರದವಳಿಗೆ 'ಒಣಮೀನು ಹೆಂಗಸು' ಅಂತ ಜಪಾನಿನಲ್ಲಿ ಹೆಸರೇ ಬಿತ್ತು. ಅವಳು ಬಾಡಿಗೆಗಿದ್ದ ಮನೆಗೆ, ಹೆಂಡತಿಯಿಂದ ದೂರವಾದ ಅವಳ ಬಾಸ್ ಬಂದು ಸೇರ್ಕೊಳ್ತಾನೆ, ಅದು ಅವನ ಅಪ್ಪನ ಮನೆ. ಹತ್ತು ವರ್ಷಕ್ಕೂ ದೊಡ್ಡವನು. ಇಲ್ಲಿ ನನಗೆ ತಕರಾರಿದೆ: ಬಾಸೂ ಅವನೇ, ಮನೆ ಮಾಲೀಕನ ಮಗನೂ ಅವನೇ ಆದರೆ ಅವಳು 'ಬೇಡ' ಅನ್ನೋದು ಎಷ್ಟು ಸುಲಭ? ಇಂಥ ಎಷ್ಟೋ ಮಾಂಗಾ ಈ ಪ್ರಶ್ನೆಯನ್ನ ನಗಿಸಿ ದಾಟಿಬಿಡ್ತವೆ.

ಕೆಜಿಎಫ್‌ನವರಿಗೆ ಈ ಪ್ರಶ್ನೆ ಬೇಗ ಅರ್ಥ ಆಗುತ್ತೆ. ಅಲ್ಲಿ ಮನೆ ಅಂದರೆ ಗಣಿ ಕಂಪನಿ ಕ್ವಾರ್ಟರ್ಸ್, 'ಲೈನ್' ಮನೆಗಳು. ಗಣಿಗೆ ಇಳಿಯೋ ಗಂಡಸಿನ ಕೆಲಸಕ್ಕೆ ಅಂಟಿಕೊಂಡಿದ್ದ ಸೂರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಸಂಬಳದ ಜೊತೆ ಆ ಸೂರಿನ ಮೇಲಿನ ಹಕ್ಕೂ ಪ್ರಶ್ನೆಯಾಯಿತು. ಆಮೇಲೆ ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯೋಕೆ ಹೊರಟವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಹೆಣ್ಣಿನ ಸಂಬಳದಿಂದ ಮನೆ ನಡೆಯೋದು ಅವರಿಗೆ ಕಾಮಿಕ್ಸ್‌ನ ಕಲ್ಪನೆಯಲ್ಲ.

ನನಗೆ ಅತಿ ಇಷ್ಟವಾದದ್ದನ್ನ ಕೊನೆಗೆ ಇಟ್ಕೊಂಡಿದೀನಿ. ಕೇಯ್ಕೋ ನಿಶಿ ಬರೆದ 'ಒತೋಕೋ ನೋ ಇಶ್ಶೋ', 2008ರಿಂದ 2012ರವರೆಗೆ ಬಂದದ್ದು, 2015ರಲ್ಲಿ ಸಿನಿಮಾ ಕೂಡ ಆಯಿತು. ಮೂವತ್ತು ದಾಟಿದ ತ್ಸುಗುಮಿ ಟೋಕಿಯೋ ಕೆಲಸಕ್ಕೆ ರಜೆ ಹಾಕಿ ಹಳ್ಳಿಯ ಅಜ್ಜಿ ಮನೆಗೆ ಬರ್ತಾಳೆ. ಅಜ್ಜಿ ತೀರಿಕೊಂಡಿದ್ದಾಳೆ. ಹಿಂದಿನ ಕೋಣೆಯಲ್ಲಿ ಐವತ್ತು ದಾಟಿದ ತತ್ವಶಾಸ್ತ್ರದ ಪ್ರೊಫೆಸರ್ ಕಾಯೆದಾ ಬಂದು ಕೂತಿದ್ದಾನೆ. ಕೀಲಿ ಎಲ್ಲಿಂದ ಬಂತು ಅಂದರೆ, ನಿಮ್ಮ ಅಜ್ಜಿಯೇ ಕೊಟ್ಟಿದ್ದರು ಅಂತಾನೆ. ಒಂದು ಕಾಲಕ್ಕೆ ಅವನು ಪ್ರೀತಿಸಿದ್ದು ಆ ಅಜ್ಜಿಯನ್ನ, ತನಗಿಂತ ಎಷ್ಟೋ ದೊಡ್ಡವಳನ್ನ. ಈಗ ಮೊಮ್ಮಗಳ ಮುಂದೆ ತಾನೇ ಮುದುಕ. ಅವನು ಬೇಗ ಸಾಯಬಹುದು ಅನ್ನೋದು ಇಬ್ಬರಿಗೂ ಗೊತ್ತು, ಕಥೆ ಅದನ್ನ ಮುಚ್ಚಿಡಲ್ಲ. ಅವನನ್ನ ಹೊರಗೆ ಹಾಕಬಹುದು, ಮನೆ ಅವಳ ಅಜ್ಜಿಯದ್ದು. ತ್ಸುಗುಮಿ ತುಂಬಾ ದಿನ ಯೋಚನೆ ಮಾಡ್ತಾಳೆ.