ಶಕ್ತಿಕವಾಟಗಳೂ ಗಿಟಾರಿನ ನಾದವೂ

ವಿದ್ಯುತ್ ಗಿಟಾರಿನ ಧ್ವನಿವರ್ಧಕ ಯಂತ್ರಗಳ ವಿಷಯದಲ್ಲಿ ವಾದಕರೊಳಗೆ ಒಂದು ನಂಬಿಕೆ ಬಹುಕಾಲದಿಂದ ರೂಢವಾಗಿದೆ. ಅಮೆರಿಕದ ೬ಎಲ್೬ ಎಂಬ ವಾಲ್ವಿನ ನಾದ ಒಂದು ಬಗೆ, ಇಂಗ್ಲೆಂಡಿನ ಯಂತ್ರಗಳಲ್ಲಿರುವ ಇ.ಎಲ್. ೩೪ರ ನಾದ ಇನ್ನೊಂದು ಬಗೆ. ನಾದಭೇದಕ್ಕೆ ವಾಲ್ವಿನ, ಎಂದರೆ ಕವಾಟದ, ಭೇದವೇ ಕಾರಣ ಎಂಬುದೇ ಆ ನಂಬಿಕೆ. ಇದು ಎಷ್ಟರಮಟ್ಟಿಗೆ ದಿಟವೆಂಬುದನ್ನು ಆ ಕವಾಟಗಳ ಚರಿತ್ರೆಯಿಂದಲೇ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ತಂತಿಯ ಕಂಪನದಿಂದ ಹುಟ್ಟುವ ವಿದ್ಯುತ್ಸಂಕೇತವು ಅತ್ಯಲ್ಪವಾದುದು. ಯಂತ್ರದ ಮೊದಲ ಕವಾಟಗಳು ಅದನ್ನು ಹಿಗ್ಗಿಸುವುವು. ಕಡೆಯ ಕವಾಟಗಳು ಲೌಡ್‌ಸ್ಪೀಕರನ್ನು ಅಲುಗಿಸುವಷ್ಟು ಬಲವನ್ನು ಒದಗಿಸುವುವು. ಇವೇ ಶಕ್ತಿಕವಾಟಗಳು. ಎರಡು ಜಾಲರಿಗಳುಳ್ಳ ಹಿಂದಿನ ಕವಾಟದಲ್ಲಿ ಧನಫಲಕಕ್ಕೆ ಬಡಿದ ಎಲೆಕ್ಟ್ರಾನುಗಳು ಬೇರೆ ಎಲೆಕ್ಟ್ರಾನುಗಳನ್ನು ಸಿಡಿಸಿ, ಅವು ಎರಡನೆಯ ಜಾಲರಿಗೆ ಹಿಂದಿರುಗಿ, ಸಂಕೇತವು ವಿಕೃತವಾಗುತ್ತಿದ್ದಿತು. ೧೯೨೬ರಲ್ಲಿ ಫಿಲಿಪ್ಸ್ ಸಂಸ್ಥೆಯ ಬರ್ನಾರ್ಡ್ ಟೆಲೆಗೆನ್ ಎಂಬವರು ಮೂರನೆಯ ಜಾಲರಿಯೊಂದನ್ನಿಟ್ಟು ಈ ದೋಷವನ್ನು ಕಳೆದರು. ಇದೇ ಪೆಂಟೋಡ್. ಅದರ ಪೇಟೆಂಟನ್ನು ಮೀರದೆ ಅದೇ ಫಲವನ್ನು ಪಡೆಯಲೆಂದು ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯ ಬುಲ್ ಮತ್ತು ರಾಡಾ ಎಂಬವರು ೧೯೩೩ರಲ್ಲಿ ಎಲೆಕ್ಟ್ರಾನುಗಳನ್ನು ಪಟ್ಟಿಯಂತೆ ಕೂಡಿಸುವ ಉಪಾಯವನ್ನು ಕಂಡರು. ಆ ಮಾರ್ಗದಲ್ಲಿ ೧೯೩೬ರಲ್ಲಿ ಅಮೆರಿಕದ ಆರ್.ಸಿ.ಎ. ಸಂಸ್ಥೆಯ ೬ಎಲ್೬, ೧೯೩೭ರಲ್ಲಿ ಇಂಗ್ಲೆಂಡಿನ ಕೆ.ಟಿ. ೬೬ ಹುಟ್ಟಿದುವು. ಇ.ಎಲ್. ೩೪, ಇ.ಎಲ್. ೮೪ ಎಂಬುವು ಪೆಂಟೋಡಿನ ವಂಶದವು. ಇಂದು ನಾದಭೇದವೆಂದು ಹೇಳುವ ಈ ಎರಡು ಕುಲಗಳು ಒಡೆದುದು ಸಂಗೀತದ ಕಾರಣದಿಂದಲ್ಲ, ಪೇಟೆಂಟಿನ ಕಾರಣದಿಂದ.

ಇವನ್ನು ನಿರ್ಮಿಸಿದವರ ಗುರಿ ಧ್ವನಿಯನ್ನು ಇದ್ದುದಿದ್ದಂತೆ ದೊಡ್ಡದು ಮಾಡುವುದೇ ಆಗಿತ್ತು. ೧೯೪೭ರಲ್ಲಿ ವಿಲಿಯಮ್‌ಸನ್ ಎಂಬವರು ಪ್ರಕಟಿಸಿದ, ವಿಕೃತಿ ಅತ್ಯಲ್ಪವಾದ ಯಂತ್ರದಲ್ಲಿದ್ದುದು ಕೆ.ಟಿ. ೬೬. ಅದೇ ಕವಾಟವು ೧೯೬೦ರ ದಶಕದ ಮಧ್ಯದಲ್ಲಿ ಮಾರ್ಷಲ್ ಯಂತ್ರಗಳಲ್ಲಿ ಮಿತಿಯನ್ನು ಮೀರಿ ದುಡಿದು, ಒಡೆದ ನಾದಕ್ಕೆ ಹೆಸರಾಯಿತು. ಇ.ಎಲ್. ೮೪ರ ಕಥೆಯೂ ಇದೇ ಬಗೆಯದು. ಹೊರಬಂದ ಸಂಕೇತದ ಒಂದಂಶವನ್ನು ಹಿಂದಕ್ಕೆ ವಿರುದ್ಧವಾಗಿ ಕೂಡಿಸಿ ತಪ್ಪನ್ನು ತಿದ್ದುವ ಏರ್ಪಾಡಿನೊಡನೆ ಅದು ಮಲ್ಲರ್ಡ್ ಸಂಸ್ಥೆಯ ಯಂತ್ರದಲ್ಲಿ ಶುದ್ಧವಾಗಿ ನುಡಿಯಿತು. ಆ ಏರ್ಪಾಡಿಲ್ಲದ ವಾಕ್ಸ್ ಎ.ಸಿ. ೩೦ರಲ್ಲಿ ನಾಲ್ಕು ಇ.ಎಲ್. ೮೪ಗಳು ಬೇರೆಯೇ ಗುಣವನ್ನು ತೋರಿದುವು.

ಇನ್ನೂ ಬಲವಾದ ಸಾಕ್ಷ್ಯವೊಂದುಂಟು. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯದಂಗಡಿಯನ್ನಿಟ್ಟಿದ್ದ ಜಿಮ್ ಮಾರ್ಷಲ್ ಅವರೂ ಅವರ ಸಂಗಡಿಗರೂ ೧೯೬೨ರಲ್ಲಿ ಜೆ.ಟಿ.ಎಂ. ೪೫ ಎಂಬ ಯಂತ್ರವನ್ನು ರಚಿಸುವಾಗ ಅಮೆರಿಕದ ಫೆಂಡರ್ ಬ್ಯಾಸ್‌ಮನ್ನಿನ ವಿನ್ಯಾಸವನ್ನೇ ಬಹುಮಟ್ಟಿಗೆ ಅನುಸರಿಸಿದರು. ಮೊದಮೊದಲು ಶಕ್ತಿಕವಾಟಗಳೂ ೬ಎಲ್೬ರ ಬಳಗದ ೫೮೮೧ಗಳೇ. ಆದರೂ ನಾದ ಬೇರೆಯಾಯಿತು. ಬ್ಯಾಸ್‌ಮನ್ನಿನ ಮೊದಲ ಕವಾಟದ ವರ್ಧನಾಂಕ ೪೪, ಮಾರ್ಷಲ್ಲಿನದು ೧೦೦. ಅಲ್ಲಿ ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ೧೦ ಅಂಗುಲದ ನಾಲ್ಕು ಸ್ಪೀಕರುಗಳು, ಇಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ೧೨ ಅಂಗುಲದ ನಾಲ್ಕು. ಶಕ್ತಿಕವಾಟ ಒಂದೇ ಆಗಿದ್ದೂ ನಾದ ಬೇರೆಯಾದುದರಿಂದ, ಅದೊಂದೇ ಕಾರಣವೆಂಬ ವಾದ ನಿಲ್ಲಲಾರದು.

ಹಾಗೆಂದು ಶಕ್ತಿಕವಾಟದ ಪ್ರಭಾವವೇ ಇಲ್ಲವೆನ್ನುವುದೂ ಸಲ್ಲದು. ಜಾಲರಿಯ ಒಂದು ವೋಲ್ಟಿನ ವ್ಯತ್ಯಾಸಕ್ಕೆ ೬ಎಲ್೬ರಲ್ಲಿ ಪ್ರವಾಹವು ಸುಮಾರು ೬ ಮಿಲಿ ಆಂಪಿಯರ್ ಬದಲಾದರೆ ಇ.ಎಲ್. ೩೪ರಲ್ಲಿ ಸುಮಾರು ೧೧ ಬದಲಾಗುವುದು. ಆದುದರಿಂದ ಮಾರ್ಷಲ್ ಯಂತ್ರಗಳು ೧೯೬೦ರ ದಶಕದ ಉತ್ತರಾರ್ಧದಲ್ಲಿ ಇ.ಎಲ್. ೩೪ಕ್ಕೆ ಮಾರ್ಪಟ್ಟಾಗ, ಅಲ್ಪ ಪ್ರೇರಣೆಗೇ ಮಿತಿಯನ್ನು ಮುಟ್ಟುವ ಗುಣವೂ ಅವಕ್ಕೆ ಬಂದಿತು. ಆ ಮಿತಿಯಲ್ಲಿ ಸಂಕೇತದ ಶಿಖರವು ಎಷ್ಟು ಮೆಲ್ಲಗೆ ಅಥವಾ ಥಟ್ಟನೆ ಕತ್ತರಿಸಿಹೋಗುವುದೆಂಬುದನ್ನು ಮಾತ್ರ ತಿದ್ದುವ ಏರ್ಪಾಡು, ಟ್ರಾನ್ಸ್‌ಫಾರ್ಮರು, ವಿದ್ಯುತ್ ಪೂರೈಕೆ ಇವೆಲ್ಲವೂ ಕೂಡಿ ನಿರ್ಧರಿಸುವುವು.

ಹಳೆಯ ಕವಾಟಗಳಿಗೆ ವಾದಕರು ಇಂದು ಹೆಚ್ಚಿನ ಬೆಲೆ ತೆರುವುದನ್ನು ಕಂಡಾಗ ಈ ವಿವೇಚನೆ ನಿರರ್ಥಕವಲ್ಲವೆಂದು ತೋರುವುದು. ಯಾವ ವಿಕೃತಿಯನ್ನು ಕಳೆಯಲು ಶಿಲ್ಪಿಗಳು ಶ್ರಮಿಸಿದರೋ ಅದನ್ನೇ ನಾದವೆಂದು ಆರಿಸಿಕೊಂಡವರು ವಾದಕರು. ಆ ಆಯ್ಕೆಯ ಕೀರ್ತಿಯನ್ನು ಗಾಜಿನ ಕವಾಟವೊಂದಕ್ಕೇ ಒಪ್ಪಿಸುವುದು ಚರಿತ್ರೆಗೆ ನ್ಯಾಯವಾಗದು.